ಬಾವೀಲಿ ಯಾರೂ ಇಲ್ಲ

ಹಳೇಬೀಡಿನ ಹೊರಗಿರೋ ಒಂದು ತೆಂಗಿನ ತೋಟದ ಅಮ್ಮಾವ್ರು ಮೂರನೇ ಸಲ ಫೋನ್ ಮಾಡಿದಾಗ ನಾನು ಅರಸೀಕೆರೆ ಅಂಗಡೀಲಿ ಸುಟ್ಟ ಮೋಟ್ರಿಂದ ತಾಮ್ರದ ತಂತಿ ಕೀಳ್ತಾ ಕೂತಿದ್ದೆ. ಸೋಮವಾರ, ಮಧ್ಯಾಹ್ನ ಹನ್ನೆರಡೂವರೆ ಇರಬೇಕು.

"ಏನಪ್ಪಾ, ನಿನ್ ಪೆಟ್ಟಿಗೆ ಮತ್ತೆ ತಾನೇ ಮೋಟ್ರು ಹಾಕ್ಕೊಂಡೈತೆ."

"ಬೆಳಿಗ್ಗೆ ನೀವೇ ಒತ್ತಿ ಮರ್ತಿರ್ತೀರ ಅಮ್ಮಾ."

"ನಾನೆಲ್ಲಿ ಒತ್ಲಿ? ನಾನು ಬೇಲೂರಲ್ಲಿ ನಾದಿನಿ ಮನೇಲಿ ಕೂತಿದೀನಿ. ಊಟಕ್ಕೆ ಎಲೆ ಹಾಕವ್ರೆ, ಫೋನ್ ಬಂತು. ಎತ್ತಿದ್ರೆ ನಿಂದೇ ದನಿ. 'ಬಾವೀಲಿ ಯಾರೂ ಇಲ್ಲ, ಮೋಟ್ರು ಹಾಕ್ತಿದೀನಿ' ಅಂತೈತೆ. ತೋಟದಲ್ಲಿ ಒಂದು ನರಪಿಳ್ಳೆ ಇಲ್ಲ. ನೀನೆಲ್ಲಿದ್ದೆ?"

"ಅಂಗಡೀಲೇ ಇದೀನಿ."

"ಮತ್ತೆ ಹಾಕಿದ್ಯಾರು?"

ಅವ್ರು ದನಿ ಇಳಿಸಿ ಅಂದ್ರು, "ಶುಕ್ರವಾರ ಹೂಳೆತ್ತೋನು ಬತ್ತಾನೆ ಕಣಪ್ಪ. ಅವನು ಬಾವಿ ಒಳಗಿದ್ದಾಗ ಹಿಂಗೇ ಹಾಕ್ಕೊಂಡ್ರೆ?"

ಕೈಲಿದ್ದ ತಂತಿ ಕೆಳಗಿಟ್ಟೆ.

ಪೆಟ್ಟಿಗೆ ಅಂದ್ರೆ ಏನು ಅಂತ ಹೇಳ್ಬಿಡ್ತೀನಿ. ನಮ್ದು ಮೋಟ್ರು ರಿವೈಂಡಿಂಗ್ ಅಂಗಡಿ. ಅದರ ಜೊತೆಗೆ ಹದಿನಾಲ್ಕು ತೋಟಕ್ಕೆ ಫೋನಿಂದ ಮೋಟ್ರು ಹಾಕೋ ಪೆಟ್ಟಿಗೆ ಕೂರಿಸಿದ್ವಿ. ತೋಟದೋರು ಒಂದು ನಂಬರಿಗೆ ಫೋನ್ ಮಾಡಿ ಒಂದು ಒತ್ತಬೇಕು. ಆ ಮಾತು ಅಂಗಡಿ ಕಂಪ್ಯೂಟರಿಗೆ ಬರತ್ತೆ, ಅಲ್ಲಿಂದ ತೋಟದ ಪೆಟ್ಟಿಗೆಗೆ ಹೋಗತ್ತೆ, ಮೋಟ್ರು ಶುರು. ಆ ಹೊತ್ತಿಗೆ ತ್ರೀ ಫೇಸ್ ಕರೆಂಟ್ ಇಲ್ದಿದ್ರೆ ಮಾತು ಕಂಪ್ಯೂಟರಲ್ಲೇ ಕಾದಿರತ್ತೆ. ಕರೆಂಟ್ ಬಂತು ಅಂತ ಪೆಟ್ಟಿಗೆ ತಿಳಿಸಿದ ತಕ್ಷಣ ಹಾಕತ್ತೆ. ಹಾಕೋ ಮುಂಚೆ ತೋಟದೋರಿಗೆ ಫೋನ್ ಮಾಡಿ ಹೇಳತ್ತೆ. ಹೇಳೋ ದನಿ ನಂದು. ಬೇರೆ ಯಾರನ್ನ ಕೇಳೋದು ಅಂತ ನಾನೇ ಒಂದು ಭಾನುವಾರ ಅಂಗಡಿ ಬಾಗಿಲು ಹಾಕ್ಕೊಂಡು ನಿಧಾನಕ್ಕೆ ಬಿಡಿಸಿ ಬಿಡಿಸಿ ಓದಿ ರೆಕಾರ್ಡ್ ಮಾಡಿದ್ದೆ.

ಹದಿನಾಲ್ಕು ತೋಟದಲ್ಲೂ ಬಾವಿ ಕಟ್ಟೆ ಮೇಲೆ ಒಂದು ಕಂಬ ನೆಟ್ಟು ಅದಕ್ಕೊಂದು ಹಿಡಿ ಕೂರಿಸಿದ್ವಿ. ಬಾವಿಗೆ ಇಳಿಯೋನು ಹಿಡಿ ಕೆಳಗೆ ಎಳೀಬೇಕು, ಹತ್ತಿ ಬಂದ್ಮೇಲೆ ಮೇಲಕ್ಕೆ ಎತ್ತಬೇಕು. ಹಿಡಿ ಕೆಳಗಿದ್ರೆ ಒಳಗೆ ಜನ ಇದಾರೆ ಅಂತ ಪೆಟ್ಟಿಗೆ ಕಂಪ್ಯೂಟರಿಗೆ ತಿಳಿಸತ್ತೆ. ಇದು ಇರೋದ್ರಿಂದ ಇನ್ನು ಯಾರೂ ಇಳಿಯೋ ಮುಂಚೆ ಫ್ಯೂಸ್ ಕೀಳೋ ಅವಶ್ಯಕತೆ ಇಲ್ಲ ಅಂತ ಹೇಳಿ, ಫ್ಯೂಸುಗಳನ್ನೂ ಪೆಟ್ಟಿಗೆ ಒಳಗೆ ಸೇರಿಸಿ ಬೀಗ ಹಾಕಿದ್ವಿ. ಬೀಗದ ಕೈ ಅಂಗಡೀಲಿ.

ಅಮ್ಮಾವ್ರ ಬಾವೀಲಿ ಇರೋದು ನೀರೊಳಗೆ ಮುಳುಗಿರೋ ಮೋಟ್ರು. ಹೂಳೆತ್ತೋ ದಿನ ನೀರು ಜಿನುಗ್ತಾನೇ ಇರತ್ತೆ. ಮೋಟ್ರು ಹಾಕಿ ನೀರು ಇಳಿಸೋದು, ನಿಲ್ಲಿಸೋದು, ಮನುಷ್ಯ ಇಳಿದು ಕೆಸರು ಎತ್ತೋದು, ಹತ್ತೋದು, ಮತ್ತೆ ಮೋಟ್ರು. ದಿನಾ ಪೂರ್ತಿ ಹಿಂಗೇ. ಕೇಬಲ್ಲಲ್ಲಿ ಒಂದು ಹಳೇ ಜಾಯಿಂಟ್ ಬಿಚ್ಕೊಂಡಿದ್ರೆ ಸಾಕು, ಮೊಣಕಾಲುದ್ದ ನೀರಲ್ಲಿ ನಿಂತೋನಿಗೆ ಕೂಗೋಕೂ ಟೈಮ್ ಸಿಗಲ್ಲ. ಅಂಥ ಮೋಟ್ರುಗಳನ್ನ ಬಿಚ್ಚೋದೇ ನನ್ ಕೆಲಸ, ನಂಗೆ ಗೊತ್ತು.

ಕಂಪ್ಯೂಟರ್ ಮುಂದೆ ಕೂತೆ. ಅದರಲ್ಲಿರೋ ಪ್ರೋಗ್ರಾಂ ಲಿಸ್ಪ್ ಅನ್ನೋ ಭಾಷೇದು. ನಂಗೆ ಅದನ್ನ ಕಲಿಸಿದ್ದು ಬೇಲೂರಿನ ಒಬ್ರು ರಿಟೈರ್ಡ್ ಮೇಷ್ಟ್ರು. ನಾನು ಹತ್ತನೇ ಕ್ಲಾಸು ಪಾಸಾಗಿದ್ದು ಮದುವೆ ಆದ್ಮೇಲೆ. ಇಂಗ್ಲಿಷ್ ನೋಡಿದ್ರೆ ಕೈ ನಿಂತೋಗತ್ತೆ ಅಂತ, ಹೆಸರೆಲ್ಲ ಕನ್ನಡದಲ್ಲೇ ಬರೆಯೋ ಹಂಗೆ ಅವ್ರು ಮಾಡಿಕೊಟ್ಟಿದ್ರು. ಅಮ್ಮಾವ್ರ ಬಾವಿ ನಂಬರ್ ಏಳು. ನಾನು ಬರೆದಿದ್ದು ಹಿಂಗಿತ್ತು:

(ಇದ್ರೆ (ಖಾಲಿಯಾ 7)
   (ಆಮೇಲೆ (ಮೋಟ್ರು-ಹಾಕು 7)))

ಬಾವಿ ಒಳಗೆ ಜನ ಇಲ್ದೆ ಖಾಲಿ ಇದ್ರೆ, ಕರೆಂಟ್ ಬಂದ ಆಮೇಲೆ ಮೋಟ್ರು ಹಾಕು. ಓದೋಕೆ ಸರಿಯಾಗೇ ಇದೆ. ನಾನೂ ಎಷ್ಟೋ ಸಲ ಓದಿ ಸರಿ ಅಂದ್ಕೊಂಡಿದ್ದೆ.

ಕಾದಿರೋ ಮಾತುಗಳ ಪಟ್ಟಿ ತೆಗೆದು ನೋಡ್ದೆ. ಏಳನೇ ಬಾವಿಗೆ ಇನ್ನೂ ನಾಲ್ಕು ಮಾತು ಕಾಯ್ತಾ ಕೂತಿದ್ವು. ಎರಡು ಶನಿವಾರದ್ದು. ಇನ್ನೆರಡು ಅದಕ್ಕೂ ಹಿಂದಿಂದು. ಆಗ ಅರ್ಥ ಆಯ್ತು. ನಮ್ ಕಡೆ ಕರೆಂಟ್ ಇಲ್ದಿದ್ರೆ ಯಾರೂ ಒಂದ್ಸಲ ಒತ್ತಿ ಸುಮ್ನಿರಲ್ಲ. ಒತ್ತೋದು, ಕಾಯೋದು, ಮತ್ತೆ ಒತ್ತೋದು. ಪಕ್ಕದ ತೋಟದೋನಿಗೂ "ಕರೆಂಟ್ ಬಂದ್ರೆ ನಮ್ದೂ ಒತ್ಬಿಡಪ್ಪ" ಅಂತ ಹೇಳಿ ಹೋಗೋದು. ಒತ್ತಿದ ಒಂದೊಂದು ಸಲಾನೂ ಒಂದೊಂದು ಮಾತಾಗಿ ಉಳ್ಕೊಂಡಿತ್ತು. ಒಂದ್ಸಲ ಕರೆಂಟ್ ಬಂದ್ರೆ ಒಂದು ಮಾತು ಎದ್ದು ಮೋಟ್ರು ಹಾಕ್ತಿತ್ತು. ಮಿಕ್ಕಿದ್ದು ಮುಂದಿನ ಸಲಕ್ಕೆ. ಹೇಳಿದೋರು ಮರೆತು ನಾದಿನಿ ಮನೇಲಿ ಊಟಕ್ಕೆ ಕೂತಿರ್ತಾರೆ, ಮೂರು ದಿನದ ಹಿಂದಿನ ಅವರ ಬೆರಳು ಇಲ್ಲಿ ಮೋಟ್ರು ಹಾಕ್ತಿರತ್ತೆ.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಬಾವಿ ಖಾಲಿಯಾ ಅಂತ ಕೇಳೋದು 'ಆಮೇಲೆ' ಅನ್ನೋದರ ಹೊರಗಿತ್ತು. ಅಂದ್ರೆ ಕೇಳೋದು ಒತ್ತಿದಾಗ, ಹಾಕೋದು ಕರೆಂಟ್ ಬಂದಾಗ. ಶನಿವಾರ ಖಾಲಿ ಇತ್ತಾ? ಇತ್ತು. ಸೋಮವಾರ ಹಾಕು. ನಡುವೆ ಯಾರು ಇಳಿದ್ರು ಅಂತ ನೋಡೋರೇ ಇಲ್ಲ.

ನಾಲ್ಕೂ ಮಾತು ಅಳಿಸಿದೆ. ಕೇಳೋದನ್ನೂ ಹಾಕೋದನ್ನೂ ಒಂದೇ ಕಡೆ ಸೇರಿಸೋಣ ಅಂತ ಮಾರನೇ ದಿನ ಬೆಳಿಗ್ಗೆ ಒಂದು ಫಂಕ್ಷನ್, ಅಂದ್ರೆ ಹೆಸರು ಕೊಟ್ಟು ಕರೆಯೋ ಒಂದು ಕೆಲಸ, ಬರೆದೆ. 'ನೋಡಿ-ಹಾಕು' ಅಂತ ಹೆಸರು. ಅದಕ್ಕೆ ಎರಡೂ ಕೊಟ್ಟೆ:

(ನೋಡಿ-ಹಾಕು (ಖಾಲಿಯಾ 7) (ಮೋಟ್ರು-ಹಾಕು 7))

ಒಂದೊಂದೇ ಅಕ್ಷರ ಹುಡುಕಿ ಟೈಪ್ ಮಾಡಿ, ಬ್ರಾಕೆಟ್ ಎಣಿಸಿ, ಎಂಟರ್ ಒತ್ತಿದೆ. ಎರಡು ನಿಮಿಷಕ್ಕೆ ಫೋನು.

"ಈಗ ಯಾರಪ್ಪ ಹಾಕಿದ್ದು? ಪೈಪ್ ಬಿಚ್ಚಿಟ್ಟಿದ್ದೆ, ಒಣಗಾಕಿದ್ದ ಬಟ್ಟೆ ಎಲ್ಲಾ ನೆಂದೋಯ್ತು!"

"ನಾನೇ ಅಮ್ಮಾ. ಗೊತ್ತಿಲ್ದೆ ಆಯ್ತು."

"ನೆನ್ನೆ ದೆವ್ವ ಅಂದ್ಕೊಂಡಿದ್ದೆ. ದೆವ್ವಾನೇ ವಾಸಿ, ಬಟ್ಟೆ ನೆನೆಸಿರಲಿಲ್ಲ."

ಬೇಲೂರಿಗೆ ಫೋನ್ ಮಾಡ್ದೆ. ಮೇಷ್ಟ್ರು ನಕ್ಕರು.

"ಫಂಕ್ಷನ್ನು ಅಡುಗೆ ಭಟ್ರ ಹಂಗೆ ಕಣಯ್ಯಾ. ಸಾಮಾನೆಲ್ಲ ಹೆಚ್ಚಿ ತೊಳೆದು ಮುಂದಿಟ್ರೇನೇ ಒಲೆ ಹಚ್ಚೋದು. ನೀನು ಅದಕ್ಕೆ 'ಮೋಟ್ರು-ಹಾಕು' ಅಂತ ಕೊಟ್ರೆ, ಕೆಲಸ ಶುರು ಮಾಡೋ ಮುಂಚೇನೇ ಮೋಟ್ರು ಹಾಕಿ ಬಂದಿರುತ್ತೆ. ಮ್ಯಾಕ್ರೋ ಅಂತ ಇನ್ನೊಂದಿದೆ, ಅದು ಹಂಗಲ್ಲ. ನೀನು ಬರೆದಿದ್ದನ್ನ ಮಾಡದೇನೇ ಬರೆದ ಹಂಗೇ ಕೈಗೆ ತಗೊಳ್ಳುತ್ತೆ. ಚೀಟಿ ಬಿಚ್ಚದೆ ಮಡಿಸಿ ಜೇಬಲ್ಲಿ ಇಟ್ಟುಕೊಂಡ ಹಂಗೆ. ಬೇಕಾದಾಗ ಬಿಚ್ಚಿ ಓದಿದ್ರೆ ಆಗ ಕೆಲಸ ಆಗುತ್ತೆ."

"ಹಂಗಾದ್ರೆ ಖಾಲಿಯಾ ಅನ್ನೋದನ್ನೂ ಮಡಿಸಿ ಇಡ್ಲಾ ಸಾರ್?"

"ಇಡು. ಅದಕ್ಕೆ ಭಾಷೇಲೇ ರೆಡಿ ಮಾಡಿಟ್ಟಿರೋ ಮ್ಯಾಕ್ರೋ ಒಂದಿದೆ, ನೋಡಿಕೋ. ಆದ್ರೆ ಅದು..." ಅಷ್ಟರಲ್ಲಿ ಅವರ ಮನೆ ಬಾಗಿಲಲ್ಲಿ ಯಾರೋ ಕರೆದ್ರು. ಮತ್ತೆ ಮಾಡ್ತೀನಿ ಅಂದ್ರು. ನಾನು ಕಾಯ್ಲಿಲ್ಲ. ಶುಕ್ರವಾರ ತಲೇಲಿ ಕೂತಿತ್ತು.

ಆ ರೆಡಿ ಮ್ಯಾಕ್ರೋ ಹುಡುಕಿ ತಗೊಂಡೆ. ಪ್ರೋಗ್ರಾಂ ಶುರುವಾದಾಗ ಹದಿನಾಲ್ಕು ಬಾವಿಗೂ 'ಖಾಲಿಯಾ' ಅನ್ನೋ ಚೀಟಿ ಒಂದೊಂದು ಮಡಿಸಿಟ್ಟೆ. ಕರೆಂಟ್ ಬಂದಾಗ ಆ ಬಾವಿ ಚೀಟಿ ಬಿಚ್ಚು, ಖಾಲಿ ಅಂದ್ರೆ ಮೋಟ್ರು ಹಾಕು. ಮೋಟ್ರಿಗೆ ಬದಲು ಒಂದು ಬಲ್ಬ್ ಕಟ್ಟಿ, ಮೇಜಿನ ಮೇಲೇ ಒಂದು ಹಿಡಿ ಇಟ್ಕೊಂಡು ಸಂಜೆ ತನಕ ಪರೀಕ್ಷೆ ಮಾಡ್ದೆ. ಹಿಡಿ ಮೇಲೆ, ಬಲ್ಬ್ ಹತ್ತಿತು. ಪ್ರೋಗ್ರಾಂ ಮುಚ್ಚಿ ತೆಗೆದೆ. ಹಿಡಿ ಕೆಳಗೆ, ಬಲ್ಬ್ ಹತ್ತಲಿಲ್ಲ. ಮುಚ್ಚಿ ತೆಗೆದೆ. ಪ್ರತಿ ಸಲ ಹೊಸದಾಗಿ ಶುರು ಮಾಡೋದು ಶಿಸ್ತು ಅಂದ್ಕೊಂಡಿದ್ದೆ. ಒಂದೂ ತಪ್ಪಲಿಲ್ಲ.

ಬುಧವಾರ ಜಾವಗಲ್ ಮೇಲೆ ಹೋಗೋ ಬಸ್ಸು ಹತ್ತಿದೆ. ತೋಟದಲ್ಲಿ ಅಮ್ಮಾವ್ರ ಜೊತೆ ಹೂಳೆತ್ತೋ ಅಣ್ಣ ಆಗ್ಲೇ ಬಂದು ಬಾವಿ ನೋಡ್ತಾ ನಿಂತಿದ್ದ. ಗೆಂಡೆಹಳ್ಳಿ ಕಡೆಯೋನು, ನನಗಿಂತ ಹತ್ತು ವರ್ಷ ದೊಡ್ಡೋನು. ಮಾತು ಕಮ್ಮಿ.

ಅದು ಕಲ್ಲು ಕಟ್ಟಿದ ಹಳೇ ಬಾವಿ. ಇಳಿಯೋಕೆ ಗೋಡೆಯಿಂದ ಒಂದೊಂದು ಕಲ್ಲು ಹೊರಗೆ ಚಾಚಿರತ್ತೆ. ನಮ್ ಕಡೆ ಎಲ್ಲಾ ಕಡೆ ಇರೋ ಹಂಗೆ ಅಲ್ಲೂ ಯಾವ ಕಾಲದ್ದೋ ಕೆತ್ತಿದ ಕಲ್ಲು ಒಂದೆರಡು ಗೋಡೆಗೆ ಸೇರ್ಕೊಂಡಿದ್ವು. ನೀರಿನ ಮಟ್ಟದಲ್ಲಿ ಒಂದು ಆನೆ ಇತ್ತು, ಸೊಂಡಿಲು ಇಲ್ಲ, ಕಣ್ಣು ಮಾತ್ರ ಇದೆ.

"ಬೀಗ ತೆಗಿ, ನೋಡಾಣ," ಅಂದ ಅಣ್ಣ. ಪೆಟ್ಟಿಗೆ ತೆಗೆದು ತೋರಿಸ್ದೆ. ಕೆಳಗಡೆ, ಮೋಟ್ರಿಗೆ ಹೋಗೋ ತಂತಿಗೆ, ಸಾಲಾಗಿ ಮೂರು ಬಿಳೀ ಪಿಂಗಾಣಿ ಫ್ಯೂಸು.

"ಇವನ್ನ ಯಾಕ್ಲಾ ಬೀಗದೊಳಗೆ ಮಡಗಿದೀಯಾ?"

"ಇನ್ಮೇಲೆ ಕೀಳೋದು ಬೇಡ ಅಣ್ಣ. ಹಿಡಿ ಎಳೆದ್ರೆ ಸಾಕು. ಕಂಪ್ಯೂಟರ್ ನೋಡ್ಕೊಳ್ಳತ್ತೆ."

"ಕಂಪ್ಯೂಟ್ರು ಎಲ್ಲೈತೆ?"

"ಅರಸೀಕೆರೇಲಿ."

ಅವನು ಒಂದ್ಸಲ ಬಾವಿ ನೋಡ್ದ, ಒಂದ್ಸಲ ನನ್ ಮುಖ ನೋಡ್ದ. "ಹಂಗಾರೆ ಮೊದ್ಲು ನೀನಿಳಿ."

ಅಮ್ಮಾವ್ರು ಬೇಡ ಅಂದ್ರು. ನಾನು ಪ್ಯಾಂಟ್ ಮಡಿಸಿದೆ. ನಾನು ಬರೆದಿದ್ದನ್ನ ನಾನೇ ನಂಬಲ್ಲ ಅಂದ್ರೆ ಅವನ್ಯಾಕೆ ನಂಬ್ತಾನೆ ಅನ್ನಿಸ್ತು. ಮೊದಲು ಒಂದು ಪರೀಕ್ಷೆ: ಮೈನ್ ಸ್ವಿಚ್ ಇಳಿಸಿ ಕರೆಂಟ್ ಹೋದ ಹಂಗೆ ಮಾಡಿದ್ವಿ, ಅಮ್ಮಾವ್ರು ಒಂದು ಒತ್ತಿದ್ರು, ಹಿಡಿ ಮೇಲಿತ್ತು, ಮೈನ್ ಎತ್ತಿದ್ವಿ. ಫೋನಲ್ಲಿ ನನ್ ದನಿ ಬಂತು, ಬಾವೀಲಿ ಯಾರೂ ಇಲ್ಲ, ಮೋಟ್ರು ಹಾಕ್ತಿದೀನಿ. ಮೋಟ್ರು ಓಡ್ತು. ಸರಿಯಾಗಿತ್ತು. ನೀರು ಆನೆ ಕಣ್ಣಿಂದ ಕೆಳಗೆ ಇಳಿಯೋ ತನಕ ಓಡಿಸಿ ನಿಲ್ಲಿಸಿದ್ವಿ. ಮೈನ್ ಇಳಿಸಿ ಮತ್ತೆ ಒಂದು ಒತ್ತಿದ್ರು ಅಮ್ಮಾವ್ರು.

ನಾನು ನನ್ ಕೈಯಾರೆ ಹಿಡಿ ಕೆಳಗೆ ಎಳೆದೆ. ಒಂದೊಂದೇ ಕಲ್ಲು ಹಿಡಿದು ಇಳಿದೆ. ಮೇಲೆ ಬಿಸಿಲು ಸುಡ್ತಿತ್ತು, ನಾಲ್ಕು ಆಳು ಕೆಳಗೆ ಅದು ಬರೀ ಒಂದು ತಟ್ಟೆಯಷ್ಟು ಬೆಳಕು. ನೀರು ಮೊಣಕಾಲಿಗೆ ಬಂತು, ತಣ್ಣಗಿತ್ತು. ಕಾಲ ಹತ್ರಾನೇ ಮೋಟ್ರಿನ ಕೇಬಲ್ಲು ಕೆಸರಲ್ಲಿ ಸುತ್ಕೊಂಡು ಬಿದ್ದಿತ್ತು.

"ಎತ್ತಿ ಮೈನು," ಅಂತ ಕೂಗ್ದೆ.

ಮೈನ್ ಎತ್ತಿದ ಸದ್ದು ಕೇಳಿಸ್ತು. ಆಮೇಲೆ ಏನೂ ಇಲ್ಲ. ಮಾತು ಇಲ್ಲಿಂದ ಅರಸೀಕೆರೆಗೆ ಹೋಗಿ ವಾಪಸ್ ಬರೋಕೆ ಹತ್ತು ಹದಿನೈದು ಸೆಕೆಂಡ್ ಬೇಕು. ಅಷ್ಟು ಹೊತ್ತು ಕಲ್ಲಿಂದ ನೀರು ಜಿನುಗೋ ಸದ್ದು ಬಿಟ್ರೆ ಬೇರೆ ಇಲ್ಲ. ಮೇಲೆ ಅಮ್ಮಾವ್ರ ಫೋನ್ ರಿಂಗ್ ಆಯ್ತು. ನಂಗೂ ಕೇಳಿಸ್ಲಿ ಅಂತ ಅವ್ರು ಸ್ಪೀಕರ್ ಹಾಕಿ ಫೋನನ್ನ ಬಾವಿ ಒಳಗೆ ಚಾಚಿದ್ರು.

ನನ್ ದನಿ ಮೇಲಿಂದ ನನ್ ಮೇಲೆ ಬಿತ್ತು. ನಿಧಾನವಾಗಿ, ಒಂದೊಂದು ಅಕ್ಷರ ಬಿಡಿಸಿ.

"ಬಾವೀಲಿ. ಯಾರೂ. ಇಲ್ಲ."

ಕಲ್ಲಿಗೆ ಬಡಿದು ಇನ್ನೊಂದ್ಸಲ ಬಂತು, ಇಲ್ಲ. ಆನೆ ಪಕ್ಕದಿಂದ ಬಂದ ಹಂಗಿತ್ತು. ನಾನು ನಿಂತಿದ್ದೆ. ನಾನು ಇದೀನಿ ಅಂತ ಕೂಗ್ಬೇಕು ಅನ್ನಿಸ್ತು, ಬಾಯಿ ಬರಲಿಲ್ಲ. ಯಾಕಂದ್ರೆ ಆ ದನಿಗೆ ಸ್ವಲ್ಪಾನೂ ಅನುಮಾನ ಇರಲಿಲ್ಲ. ಒಂದು ಕ್ಷಣ, ನಿಜ ಹೇಳ್ತೀನಿ, ಅದೇ ಸರಿ ಇರಬೇಕು ಅನ್ನಿಸ್ತು.

"ಮೋಟ್ರು ಹಾಕ್ತಿದೀನಿ."

ಮೇಲೆ ಪೆಟ್ಟಿಗೆ ಒಳಗೆ, ಮೋಟ್ರಿಗೆ ಕರೆಂಟ್ ಬಿಡೋ ಕಾಂಟ್ಯಾಕ್ಟರ್ ಟಪ್ ಅಂತ ಕಚ್ಕೊಂತು. ಆ ಸದ್ದು ನಂಗೆ ಚೆನ್ನಾಗಿ ಗೊತ್ತು. ಅದಾದ್ಮೇಲೆ ಮೋಟ್ರು ಗುಂಯ್ ಅನ್ನಬೇಕು.

ಅನ್ನಲಿಲ್ಲ.

ತಲೆ ಎತ್ತಿದೆ. ತಟ್ಟೆಯಷ್ಟು ಬೆಳಕಲ್ಲಿ ಅಣ್ಣನ ತಲೆ ಕಾಣಿಸ್ತು. ಕೈ ಮುಂದೆ ಮಾಡಿ ತೋರಿಸ್ದ. ಕೈಲಿ ಮೂರು ಬಿಳೀ ಫ್ಯೂಸು.

ಮೇಲೆ ಹತ್ತಿ ಬರೋಕೆ ನಂಗೆ ಎಷ್ಟು ಹೊತ್ತಾಯ್ತೋ ಗೊತ್ತಿಲ್ಲ. ಕಟ್ಟೆ ಮೇಲೆ ಕೂತ್ಕೊಂಡೆ. ಹಿಡಿ ನೋಡ್ದೆ, ಕೆಳಗೇ ಇತ್ತು. ಅವನು ಫ್ಯೂಸುಗಳನ್ನ ನನ್ ಅಂಗೈಗೆ ಹಾಕ್ದ. ಅವನ ಕೈಲಿದ್ದು ಬೆಚ್ಚಗಾಗಿದ್ವು.

"ಯಾವಾಗ ಕಿತ್ತಿದ್ದು ಅಣ್ಣ?"

"ನೀನು ಪ್ಯಾಂಟ್ ಮಡಿಸ್ತಿದ್ದಾಗ ಒಂದು ಕಣ್ಣು ಇಟ್ಟಿದ್ದೆ. ಮೊದಲ್ನೇ ಸಲ ಮೋಟ್ರು ನಿಂತ ಮ್ಯಾಕೆ ಕಿತ್ತೆ. ಹೇಳಿದ್ರೆ ಬಿಡ್ತಿರಲಿಲ್ಲ ನೀನು."

ಅಮ್ಮಾವ್ರು ನಂಗೆ ನೀರು ತಂದುಕೊಟ್ರು. ಅಣ್ಣ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ.

"ಬಿಕ್ಕೋಡು ಕಡೆ ಒಂದು ಬಾವೀಲಿ ನನ್ ಜತೆಗಾರ ಹಿಂಗೇ ಹೋದ. ಮ್ಯಾಲಿದ್ದೋನು, ಇಲ್ಲ ಇಲ್ಲ, ಅವನು ಆಗ್ಲೇ ಹತ್ತವ್ನೆ ಅಂದ. ಅವನಿಗೂ ಅನುಮಾನ ಇರಲಿಲ್ಲ. ಹತ್ತಿದ್ದು ನಾನು. ನನ್ನ ನೋಡಿ ಅವನೇ ಅಂದ್ಕೊಂಡಿದ್ದ." ನನ್ ಅಂಗೈಲಿದ್ದ ಫ್ಯೂಸು ತೋರಿಸಿ ಅಂದ, "ಅವತ್ತಿಂದ ಫ್ಯೂಸು ನನ್ ಸೊಂಟದಲ್ಲೇ. ಇಳಿಯೋನ ತಾವು ಇರಬೇಕು ಅದು. ಮ್ಯಾಲಿರೋನ ತಾವಲ್ಲ."

ಆಗ ನಾನು ಒಂದು ತೀರ್ಮಾನ ಮಾಡ್ದೆ. ಮಿಕ್ಕಿದ ಹದಿಮೂರು ತೋಟಕ್ಕೂ ಅಲ್ಲಿಂದಲೇ ಫೋನ್ ಮಾಡಿ, ಮೈನ್ ಇಳಿಸಿ, ನಾನು ಹೇಳೋ ತನಕ ಎತ್ತಬೇಡಿ ಅಂದೆ. ಬೈಗುಳ ತಿಂದೆ. ಒಬ್ರು, "ಸಸಿ ಒಣಗಿದ್ರೆ ನೀನು ಬಂದು ಉಚ್ಚೆ ಹುಯ್ತೀಯೇನ್ಲಾ?" ಅಂದ್ರು. ನಾನು ಹೂಂ ಅಂದೆ. ಬೇರೆ ಏನು ಹೇಳೋದು. ಆಮೇಲೆ ಹಳೇಬೀಡಿಂದ ಬೇಲೂರಿಗೆ ಬಸ್ಸು ಹತ್ತಿದೆ.

ಮೇಷ್ಟ್ರು ನಾನು ಹೇಳಿದ್ದೆಲ್ಲ ಕೇಳಿ ಕನ್ನಡಕ ತೆಗೆದು ಒರೆಸಿದ್ರು. ನಗಲಿಲ್ಲ.

"ನೀನು ಪ್ರತಿ ಪರೀಕ್ಷೆಗೂ ಮುಂಚೆ ಪ್ರೋಗ್ರಾಂ ಮುಚ್ಚಿ ತೆಗೀತಿದ್ಯಾ?"

"ಹೂಂ ಸಾರ್."

"ಅದಕ್ಕೇ ಗೊತ್ತಾಗಲಿಲ್ಲ. ಆ ರೆಡಿ ಮ್ಯಾಕ್ರೋ ಚೀಟೀನ ಒಂದೇ ಸಲ ಬಿಚ್ಚೋದು. ಬಿಚ್ಚಿ, ಬಂದ ಉತ್ತರ ಅದರ ಮೇಲೇ ಬರೆದಿಟ್ಟುಕೊಳ್ಳುತ್ತೆ. ಮುಂದೆ ನೂರು ಸಲ ಕೇಳಿದ್ರೂ ಅದನ್ನೇ ಓದಿ ಹೇಳುತ್ತೆ, ಮತ್ತೆ ಹೋಗಿ ನೋಡಲ್ಲ. ಅದಿರೋದು ಲೆಕ್ಕಕ್ಕೆ. ನಾಲ್ಕಕ್ಕೆ ನಾಲ್ಕು ಕೂಡಿದ್ರೆ ಎಂಟು, ನಾಳೆಯೂ ಎಂಟು, ಮತ್ತೆ ಯಾಕೆ ಕೂಡಬೇಕು? ಆದ್ರೆ ಬಾವೀಲಿ ಯಾರಿದಾರೆ ಅನ್ನೋದು ಎಂಟಾ?"

ಮೊದಲನೇ ಪರೀಕ್ಷೇಲಿ ಬಾವಿ ಖಾಲಿ ಇತ್ತು. ಅದನ್ನ ಅದು ಬರೆದಿಟ್ಕೊಂಡಿತ್ತು. ಆಮೇಲೆ ನಾನು ಇಳಿದೆ. ಆ ಚೀಟಿ ಪ್ರಕಾರ ನಾನು ಯಾವತ್ತೂ ಇಳಿದೇ ಇಲ್ಲ. ಅಣ್ಣ ಇಳಿದಿದ್ರೂ ಅಷ್ಟೇ.

"ಫೋನಲ್ಲಿ ನಾನು ಪೂರ್ತಿ ಹೇಳಬೇಕಿತ್ತು," ಅಂದ್ರು ಮೇಷ್ಟ್ರು.

"ನಾನು ಕಾಯಬೇಕಿತ್ತು ಸಾರ್."

ಕೂತು ಹೊಸದಾಗಿ ಬರೆದ್ವಿ. ನಾನು ಎಲ್ಲಾನೂ ಮ್ಯಾಕ್ರೋ ಒಳಗೇ ತುಂಬಿಬಿಡೋಣ ಅಂದೆ. ಅವ್ರು ತಲೆ ಆಡಿಸಿದ್ರು. ಮ್ಯಾಕ್ರೋ ಅನ್ನೋದು ಬರೆದ ಕಡೆಯೆಲ್ಲ ತನ್ನದೊಂದು ನಕಲು ಬಿಟ್ಟು ಹೋಗುತ್ತೆ. ಮೂಲ ತಿದ್ದಿದ್ರೂ, ಓಡ್ತಿರೋ ಪ್ರೋಗ್ರಾಂ ಒಳಗೆ ಹಳೇ ನಕಲುಗಳು ಹಂಗೇ ಕೂತಿರ್ತವೆ ಅಂದ್ರು. ಸತ್ತೋರ ಮನೇಲಿ ಅವರ ಅಂಗಿ ಇನ್ನೂ ನೇತಾಡ್ತಿರೋ ಹಂಗೆ. ಅದಕ್ಕೆ ಮ್ಯಾಕ್ರೋಗೆ ಒಂದೇ ಕೆಲಸ ಕೊಡು, ಮಡಿಸೋದು. ಕಾಯೋದು, ಕೇಳೋದು, ಹಾಕೋದು ಎಲ್ಲ ಫಂಕ್ಷನ್ ಮಾಡ್ಲಿ. ಫಂಕ್ಷನ್ನು ಒಂದೇ ಕಡೆ ಇರುತ್ತೆ, ಅಲ್ಲಿ ತಿದ್ದಿದ್ರೆ ಹದಿನಾಲ್ಕು ಬಾವಿಗೂ ತಿದ್ದಿದ ಹಂಗೆ.

ನಾನು ಬರೆಯೋದು ಇಷ್ಟೇ:

(ಕರೆಂಟ್-ಬಂದಾಗ 7 (ಖಾಲಿಯಾ 7) (ಮೋಟ್ರು-ಹಾಕು 7))

ಮ್ಯಾಕ್ರೋ ಅದನ್ನ ಹಿಂಗೆ ಮಡಿಸಿ ಫಂಕ್ಷನ್ ಕೈಗೆ ಕೊಡತ್ತೆ:

(ಕಾದು-ಮಾಡು 7
   (ಲ್ಯಾಂಬ್ಡಾ () (ಖಾಲಿಯಾ 7))
   (ಲ್ಯಾಂಬ್ಡಾ () (ಮೋಟ್ರು-ಹಾಕು 7)))

ಲ್ಯಾಂಬ್ಡಾ ಅನ್ನೋದೇ ಆ ಮಡಿಕೆ. ಇದು ಬರೀ ಮಡಿಕೆ, ಉತ್ತರ ಬರೆದಿಟ್ಕೊಳ್ಳಲ್ಲ. 'ಕಾದು-ಮಾಡು' ಅನ್ನೋ ಫಂಕ್ಷನ್ನು ಒಂದು ಬಾವಿಗೆ ಒಂದೇ ಮಾತು ಇಟ್ಕೊಳ್ಳತ್ತೆ, ಹತ್ತು ಸಲ ಒತ್ತಿದ್ರೂ ಒಂದೇ. ಕರೆಂಟ್ ಬಂದಾಗೆಲ್ಲ ಮೊದಲನೇ ಚೀಟಿ ಹೊಸದಾಗಿ ಬಿಚ್ಚಿ ಹಿಡಿ ಎಲ್ಲಿದೆ ಅಂತ ಕೇಳತ್ತೆ. ಕೆಳಗಿದ್ರೆ ಕಾದಿರೋ ಮಾತನ್ನೇ ಹರಿದು ಬಿಸಾಕತ್ತೆ. ಮನುಷ್ಯ ಇಳಿಯೋಕೆ ಮುಂಚೆ ಹೇಳಿದ್ದೆಲ್ಲ ರದ್ದು, ಅವನು ಹತ್ತಿದ್ಮೇಲೆ ಬೇಕಾದ್ರೆ ಹೊಸದಾಗಿ ಒತ್ತಲಿ. ಉತ್ತರಾನೇ ಬರದಿದ್ರೂ ಬಿಸಾಕು ಅಂತ ಬರೆದ್ವಿ. ಹಿಡಿ ಕೆಳಗಿರೋ ತನಕ ಕರೆಂಟ್ ಬಂದಾಗೆಲ್ಲ ತೋಟದೋರಿಗೆ ಫೋನ್ ಮಾಡಿ ತಿಳಿಸಬೇಕು ಅಂತಾನೂ ಸೇರಿಸಿದ್ವಿ.

ಗುರುವಾರ ಅಂಗಡೀಲಿ ಪ್ರೋಗ್ರಾಂ ಒಂದ್ಸಲಾನೂ ಮುಚ್ಚದೇ ಪರೀಕ್ಷೆ ಮಾಡ್ದೆ. ಹಿಡಿ ಮೇಲೆ, ಕೆಳಗೆ, ಮೇಲೆ, ಕೆಳಗೆ ಕೆಳಗೆ, ಮೇಲೆ. ಬಲ್ಬ್ ಸರಿಯಾಗಿ ನಡ್ಕೊಂತು. ಆದ್ರೂ ರೆಕಾರ್ಡ್ ಮಾಡಿದ್ದ ಆ ಸಾಲು ಕಿವಿಯಿಂದ ಹೋಗ್ತಿರಲಿಲ್ಲ. ಬಾವೀಲಿ ಯಾರೂ ಇಲ್ಲ ಅಂತ ಅರಸೀಕೆರೇಲಿರೋ ಕಂಪ್ಯೂಟರಿಗೆ ಹೆಂಗೆ ಗೊತ್ತು? ಅದಕ್ಕೆ ಗೊತ್ತಿರೋದು ಹಿಡಿ ಮೇಲಿದೆ ಅನ್ನೋದು ಅಷ್ಟೇ. ಆ ಸಾಲು ಅಳಿಸಿ ಹಾಕ್ದೆ. "ಹಿಡಿ ಮೇಲಿದೆ, ಮೋಟ್ರು ಹಾಕ್ತಿದೀನಿ" ಅಂತ ಓದಿದೆ. ಇನ್ನೊಂದು, "ಹಿಡಿ ಕೆಳಗಿದೆ. ಬಾವೀಲಿ ಜನ ಇದಾರೆ. ಮೋಟ್ರು ಹಾಕಲ್ಲ." ಆಮೇಲೆ ಅಂಗಡಿ ಯಜಮಾನ್ರಿಗೆ, ಫ್ಯೂಸೆಲ್ಲ ಪೆಟ್ಟಿಗೆಯಿಂದ ಹೊರಗೆ ತಂದು ಬೀಗ ಇಲ್ದಂಗೆ ಕೂರಿಸ್ತೀನಿ ಅಂದೆ. ಹದಿನಾಲ್ಕಕ್ಕೂ ಓಡಾಡಬೇಕು, ಅವ್ರು ಮುಖ ಸಿಂಡರಿಸಿದ್ರು. ಬಾವೀಲಿ ಏನಾಯ್ತು ಅಂತ ಹೇಳ್ದೆ. ಹೋಗು ಅಂದ್ರು.

ಶುಕ್ರವಾರ ಬೆಳಿಗ್ಗೆ ಎಂಟಕ್ಕೇ ಅಮ್ಮಾವ್ರ ತೋಟದಲ್ಲಿದ್ದೆ. ಮೊದಲು ಫ್ಯೂಸ್ ಹೊರಗೆ ಕೂರಿಸ್ದೆ. ನೀರು ಇಳಿಸಿದ್ವಿ. ಅಣ್ಣ ತಾನೇ ಮೂರು ಫ್ಯೂಸು ಕಿತ್ತು ಲುಂಗಿ ಮಡಿಕೇಲಿ ಸಿಕ್ಕಿಸಿ, ಹಿಡಿ ಎಳೆದು, ಏನೂ ಮಾತಾಡದೆ ಇಳಿದ. ನಾನೂ ಅಮ್ಮಾವ್ರೂ ಕಟ್ಟೆ ಮೇಲೆ ಕೂತು ಅವನು ತುಂಬಿಕೊಟ್ಟ ಕೆಸರಿನ ಬಕೆಟ್ ಎಳೆದು ಸುರೀತಿದ್ವಿ.

ಅವತ್ತು ಕರೆಂಟ್ ಒಂದು ಕಡೆ ನಿಲ್ಲಲಿಲ್ಲ. ಹೋಯ್ತು, ಬಂತು. ಬಂದ ಹತ್ತು ಸೆಕೆಂಡಿಗೆ ಅಮ್ಮಾವ್ರ ಫೋನು. ಸ್ಪೀಕರಲ್ಲಿ ನನ್ ದನಿ ಬಾವಿಗೆ ಇಳೀತು.

"ಹಿಡಿ ಕೆಳಗಿದೆ. ಬಾವೀಲಿ ಜನ ಇದಾರೆ. ಮೋಟ್ರು ಹಾಕಲ್ಲ."

ನಾನು ಕಾಂಟ್ಯಾಕ್ಟರ್ ಸದ್ದಿಗೆ ಕಾದೆ. ಬರಲಿಲ್ಲ. ಕೆಳಗಿಂದ ಅಣ್ಣನ ದನಿ ಬಂತು.

"ಇದೀನಪ್ಪೋ!"

ಅಮ್ಮಾವ್ರಿಗೆ ನಗು ಬಂತು. "ನೋಡು, ಫೋನಿಗೆ ಜವಾಬು ಕೊಡ್ತವ್ನೆ."

ಅರ್ಧ ಗಂಟೆಗೆ ಮತ್ತೆ ಹಂಗೇ ಆಯ್ತು. ಬಾವೀಲಿ ಜನ ಇದಾರೆ. "ಇದೀನಿ, ಇದೀನಿ!" ಹತ್ತಿ ಬಂದ, ಹಿಡಿ ಎತ್ತಿದ, ಫ್ಯೂಸ್ ಹಾಕ್ದ, ನೀರು ಇಳಿಸಿದ್ವಿ, ಕಿತ್ತು, ಎಳೆದು, ಇಳಿದ. ಮತ್ತೆ ಫೋನು. ಮತ್ತೆ ಕೆಳಗಿಂದ ಜವಾಬು, ಒಂದ್ಸಲ ಬೈಗುಳ ಸೇರಿಸಿ. ಮಧ್ಯಾಹ್ನದ ತನಕ ಎಷ್ಟು ಸಲ ಆಯ್ತೋ, ಪ್ರತಿ ಸಲಾನೂ ನನ್ ದನಿ ಹೇಳೋದು, ಅವನ ದನಿ ಹೌದು ಅನ್ನೋದು.

ಎರಡು ಗಂಟೆ ಹೊತ್ತಿಗೆ ಕರೆಂಟ್ ಇನ್ನೊಂದ್ಸಲ ಹೋಗಿ ಬಂತು.

"ಹಿಡಿ ಕೆಳಗಿದೆ. ಬಾವೀಲಿ ಜನ ಇದಾರೆ. ಮೋಟ್ರು ಹಾಕಲ್ಲ."

ಕೆಳಗಿಂದ ಏನೂ ಬರಲಿಲ್ಲ.

ನಾನು ಅಮ್ಮಾವ್ರ ಮುಖ ನೋಡ್ದೆ. ಅವ್ರು ನನ್ ಮುಖ ನೋಡಿದ್ರು. ಕಾಂಟ್ಯಾಕ್ಟರ್ ಕಚ್ಚಿರಲಿಲ್ಲ, ಫ್ಯೂಸ್ ಜಾಗ ಖಾಲಿ ಇತ್ತು, ಹಿಡಿ ಕೆಳಗಿತ್ತು. ಎಲ್ಲಾ ಸರಿ ಇತ್ತು. ಆದ್ರೂ ಬಾವಿ ಸುಮ್ನಿತ್ತು. ಒಳಗೆ ಗಾಳಿ ಕೆಟ್ಟಿದ್ರೆ? ಕಲ್ಲು ಜಾರಿದ್ರೆ?

"ಅಣ್ಣಾ!"

ನನ್ ಕೂಗೇ ವಾಪಸ್ ಬಂತು.

ಕಟ್ಟೆ ಮೇಲೆ ಹೊಟ್ಟೆ ಹಾಕಿ ಬಗ್ಗಿದೆ. ಬಿಸಿಲಲ್ಲಿದ್ದ ಕಣ್ಣಿಗೆ ಮೊದಲು ಕತ್ತಲೆ ಬಿಟ್ಟು ಏನೂ ಕಾಣಲಿಲ್ಲ. ಆಮೇಲೆ ನೀರಿನ ಹೊಳಪು. ಆಮೇಲೆ, ಚಾಚಿದ ಒಂದು ಕಲ್ಲಿನ ಮೇಲೆ ಕೂತಿದ್ದ ಅವನು ಕಂಡ. ಕೆನ್ನೆ ಉಬ್ಬಿತ್ತು. ಬಾಯ್ತುಂಬ ಎಲೆ ಅಡಿಕೆ. ನನ್ನ ನೋಡಿ ಕೈ ಎತ್ತಿ ಆಡಿಸಿದ.

ನಾನು ಅಲ್ಲೇ ಕಲ್ಲಿಗೆ ಹಣೆ ಕೊಟ್ಟು ಸ್ವಲ್ಪ ಹೊತ್ತು ಹಂಗೇ ಇದ್ದೆ. ಅವನು ಬಕೆಟ್ಟಿನ ಕೆಸರಿಗೆ ಉಗುಳಿ, ಬಾಯಿ ಒರೆಸ್ಕೊಂಡ.

"ಇದೀನಿ ಇದೀನಿ ಅಂತ ಎಷ್ಟ್ ಸಲ ಹೇಳ್ಬೇಕ್ಲಾ ನಿಂಗೆ? ಬೆಳಗ್ಗಿಂದ ಹೇಳ್ತಾನೇ ಇದೀನಿ."

"ಕೇಳಿದಾಗೆಲ್ಲ ಹೇಳ್ಬೇಕು ಅಣ್ಣ," ಅಂದೆ.